ಚೌಕಾಸಿ ಮಾಡಿ ಅಂದ ಹುಡುಗಿ

“ಚೌಕಾಸಿ ಮಾಡಿ ಅಕ್ಕ. ಕೇಳಿದಷ್ಟೂ ಕೊಟ್ಬಿಟ್ರೆ ನಾನು ಕಲಿಯೋದ್ಯಾವಾಗ?” ಎನ್ನುತ್ತ ಪುಷ್ಪ ನನ್ನ ನೋಟನ್ನು ಹಿಂದಕ್ಕೆ ತಳ್ಳಿದಳು.

ತಂದೆ ತಾಯಿ ಇಲ್ಲದ ಯುವಕ ಯುವತಿಯರಿಗೆ ಸ್ವಂತ ವ್ಯಾಪಾರ ಕಲಿಸುವ ಕಡೂರಿನ ಕೇಂದ್ರವೊಂದನ್ನು ನೋಡಲು ಹೋಗಿದ್ದೆ. ಪುಷ್ಪ ಅಲ್ಲಿ ಹುಚ್ಚೆಳ್ಳು ಚಟ್ನಿಪುಡಿ ಮಾಡುತ್ತಾಳೆ. ಮರುದಿನ ಅಜ್ಜಂಪುರದ ಸಂತೆಯಲ್ಲಿ ಮೊದಲ ಸಲ ಅಂಗಡಿ ಹಾಕುವವಳಿದ್ದಳು. ಕೇಂದ್ರ ನೋಡಲು ಬರುವವರೆಲ್ಲ ಪುಡಿಯನ್ನು ಹೊಗಳಿ, ಮರುಮಾತಿಲ್ಲದೆ ಕೊಂಡು ಹೋಗುತ್ತಾರಂತೆ. ಸಂತೆಯವರು ಹಾಗಲ್ಲವಲ್ಲ ಎಂಬುದು ಅವಳ ದಿಗಿಲು.

ಬೆಲೆ ಇಳಿಸಬೇಕೆಂದರೆ ಏನಾದರೂ ಕೊಂಕು ತೆಗೆಯಬೇಕು. ಚಿಟಿಕೆ ಪುಡಿ ಬಾಯಿಗೆ ಹಾಕಿಕೊಂಡು, “ಹುಚ್ಚೆಳ್ಳು ಸೀದೋಗಿದೆ ಕಣಮ್ಮ, ಕಹಿ” ಎಂದೆ. ಆಟಕ್ಕೆ ಹಾಗೆಂದೆನೋ, ನಾಲಿಗೆಗೆ ಕಹಿ ಹತ್ತಿದ್ದರಿಂದಲೇ ಎಂದೆನೋ, ಈಗ ನನ್ನ ನೆನಪನ್ನು ನಾನೇ ನಂಬಲಾರೆ. ಪುಷ್ಪಳ ನಗು ಮಾತ್ರ ಅಲ್ಲಿಗೇ ನಿಂತಿತು. ತಾನೂ ಚಿಟಿಕೆ ಹಾಕಿಕೊಂಡು, ನಿಧಾನವಾಗಿ ಚಪ್ಪರಿಸಿದಳು.

ಮಿಕ್ಸಿ ತೊಳೆಯುತ್ತಿದ್ದ ಅವಳ ಗೆಳತಿ ಅಲ್ಲಿಂದಲೇ ಕೂಗಿದಳು: “ಲೇ, ನಾನು ಅವತ್ತೇ ಬಡ್ಕೊಂಡ್ನಲ್ಲೇ!”

“ನೀನು ಹೊಟ್ಟೆಕಿಚ್ಚಿಗೆ ಅಂತೀಯ ಅನ್ಕೊಂಡೆ ಕಣೇ. ಬಂದೋರೆಲ್ಲ ಚೆನ್ನಾಗೈತೆ ಅಂತಿದ್ರಲ್ಲ!”

ಪುಷ್ಪ ಸಂತೆಗೆಂದು ಕಟ್ಟಿದ್ದ ಪ್ಯಾಕೆಟ್‌ಗಳನ್ನು ಪಕ್ಕಕ್ಕೆ ಸರಿಸಿ, ಬಾಣಲೆಯನ್ನು ಮತ್ತೆ ಒಲೆಗಿಟ್ಟಳು. ಈ ಸಲ ಉರಿ ಸಣ್ಣಗಿತ್ತು. ನಾನು ಎಷ್ಟು ಕೇಳಿದರೂ ಹಳೆಯ ಪುಡಿಯ ಒಂದು ಪ್ಯಾಕೆಟ್ಟನ್ನೂ ಮಾರಲಿಲ್ಲ.

ಬರಿಗೈಯಲ್ಲಿ ಬಸ್ ಹತ್ತಿದೆ. ಪುಷ್ಪಳ ತಾಯಿ ಇದ್ದಿದ್ದರೆ ಮೊದಲ ತುತ್ತಿಗೇ ಮುಖ ಕಿವುಚಿ ಬೈದಿರುತ್ತಿದ್ದಳು. ತಾಯಿಯಿಲ್ಲದವಳೆಂದೇ ನೋಡಲು ಬಂದ ನಾವ್ಯಾರೂ ಬೈದಿರಲಿಲ್ಲ.