ಮೆಟ್ಟಿಲಡಿಯವನ ಹಾಡು

ಮನೆಯಲ್ಲಿ ಎಲ್ಲರೂ ಅವಳನ್ನು ಪುಕ್ಕಲಿ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವಳು ಅಕ್ಕ. ನಾಯಿ ಕಂಡರೆ ರಸ್ತೆ ದಾಟುವವಳು, ಫೋನು ಬಡಿದುಕೊಂಡರೆ ಮೊದಲು ಎದೆ ಮುಟ್ಟಿಕೊಂಡು ಆಮೇಲೆ ಫೋನು ಮುಟ್ಟುವವಳು, ಲಿಫ್ಟಿನಲ್ಲಿ ಜೊತೆಗೆ ಯಾರೂ ಇಲ್ಲದಿದ್ದರೆ ಉಸ್ಸೆನ್ನುತ್ತ ಮೆಟ್ಟಿಲು ಹತ್ತುವವಳು. ಬೇರೆ ಹೆಸರು ಹೇಗೆ ತಾನೇ ಅಂಟೀತು? ಮದುವೆಯಾದ ಮೇಲೂ ಆ ಹೆಸರು ಬೆನ್ನು ಬಿಡಲಿಲ್ಲ. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಗಂಡ ಅದನ್ನು ಮುದ್ದಾಗಿ "ಪುಕ್ಕೂ" ಮಾಡಿದ. ನಾಟಕ ಕಂಪನಿಯವರು ಒಂದಿಷ್ಟು ಗೌರವ ಸೇರಿಸಿ "ಪುಕ್ಕಲಕ್ಕ" ಮಾಡಿದರು.

ಕಂಪನಿಗೆ ಹಾಡು ಬರೆದುಕೊಡುವುದು ಅವಳ ಕೆಲಸ. ಬರೆದವಳು ವೇದಿಕೆ ಹತ್ತಬೇಕಾಗಿಲ್ಲ ಎಂಬುದೇ ಆ ಕೆಲಸದಲ್ಲಿ ಅವಳಿಗೆ ಹಿಡಿಸಿದ ಸಂಗತಿ. ಚಪ್ಪಾಳೆ ಬಿದ್ದಾಗ ನಿರ್ದೇಶಕ ಎಷ್ಟು ಕರೆದರೂ ಪರದೆಯ ಸಂದಿಯಿಂದ ಕೈಯೊಂದನ್ನು ಮಾತ್ರ ಹೊರಹಾಕಿ ಅಲ್ಲಾಡಿಸುತ್ತಿದ್ದಳು.

ಒಂದು ಬೆಳಿಗ್ಗೆ ನಿರ್ದೇಶಕ ಅವಳ ಮುಂದೆ ಏಳು ತೆಳ್ಳನೆಯ ಪುಸ್ತಕಗಳನ್ನು ಇಟ್ಟ.

"ಈ ಸಲ ಇದನ್ನ ಹಾಡಿನ ನಾಟಕ ಮಾಡೋಣ ಪುಕ್ಕಲಕ್ಕ."

ಮುಖಪುಟ ನೋಡಿದ್ದೇ ಅವಳು ಕುರ್ಚಿ ಹಿಂದಕ್ಕೆ ಸರಿಸಿಕೊಂಡಳು. ಅಜ್ಜಿಯರು ಓದಿ, ಅವರ ಮಕ್ಕಳು ಓದಿ, ಈಗ ಮೊಮ್ಮಕ್ಕಳೂ ಓದುತ್ತಿದ್ದ ಪುಸ್ತಕಗಳು ಅವು. ಕೆಳಗೆ ಗಡಿಯಾರ ರಿಪೇರಿ ಅಂಗಡಿ, ಮೇಲೆ ಮನೆ. ಆ ಮನೆಯ ಅಣ್ಣ ತಂಗಿ ಪ್ರತಿ ಪುಸ್ತಕದಲ್ಲೂ ಯಾವುದೋ ಕೆಲಸಕ್ಕೆ ಕೆಳಗಿಳಿದು ಹೋಗಬೇಕು. ಹೋಗುವ ಮೆಟ್ಟಿಲ ಕೆಳಗೆ ಅವನಿದ್ದಾನೆ. ಅವನಿಗೆ ಹೆಸರಿಲ್ಲ, ಮಕ್ಕಳು ಮೆಟ್ಟಿಲಡಿಯವನು ಎನ್ನುತ್ತಾರೆ. ಏಳು ಪುಸ್ತಕಗಳಲ್ಲಿ ಅವನ ಮುಖ ಒಮ್ಮೆಯೂ ಕಾಣುವುದಿಲ್ಲ. ಒಂದು ಚಿತ್ರದಲ್ಲಿ ಮಾತ್ರ ಮೆಟ್ಟಿಲಂಚನ್ನು ಹಿಡಿದ ಬೆರಳುಗಳಿವೆ. ಉಳಿದದ್ದೆಲ್ಲ ಬರೀ ಉಸಿರು. ಪುಸ್ತಕಗಳನ್ನು ಬರೆದ ಹೆಂಗಸು ಅವನು ಯಾರು, ಅವನಿಗೇನು ಬೇಕು ಎಂಬುದನ್ನು ಹೇಳದೆಯೇ ತೀರಿಕೊಂಡಿದ್ದಳು.

ಈ ಪುಸ್ತಕಗಳನ್ನು ಓದಿದ ಮೇಲೆಯೇ ಪುಕ್ಕಲಿ ಪುಕ್ಕಲಿಯಾದದ್ದು ಎಂದು ಅಕ್ಕ ಈಗಲೂ ವಾದಿಸುತ್ತಾಳೆ.

"ಬೇಡ ಸಾರ್, ಇದು ನನ್ನ ಕೈಲಾಗಲ್ಲ."

"ಹೆದರಿಕೊಂಡೋರೇ ಬರೀಬೇಕು ಇದನ್ನ. ಧೈರ್ಯಸ್ಥರು ಬರೆದ್ರೆ ಸಪ್ಪೆ ಆಗುತ್ತೆ."

ಅವಳು ಹೂಂ ಎಂದಳು. ಒಪ್ಪಿಗೆಯಿಂದಲ್ಲ, ಊಹೂಂ ಎಂದು ಎರಡನೆಯ ಸಲ ಹೇಳಲು ಹೆದರಿಕೆಯಾಗಿ.

ತೊಡಕು ಮೊದಲ ದಿನವೇ ಎದುರಾಯಿತು. ಪುಸ್ತಕದಲ್ಲಾದರೆ ಕಾಣದವನನ್ನು ಓದುವ ಮಗುವೇ ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತದೆ. ನಾಟಕಕ್ಕೆ ಬಂದವರು ಕಣ್ಣು ಕಿವಿ ಬಿಟ್ಟುಕೊಂಡು ಕೂತಿರುತ್ತಾರೆ. "ಅವನು ಬರ್ಬೇಕು, ಹಾಡ್ಬೇಕು, ಛಾವಣಿ ಮುಟ್ಟೋಷ್ಟು ದೊಡ್ಡ ಗೊಂಬೆ ಮಾಡಿಸ್ತೀನಿ" ಎಂದು ನಿರ್ದೇಶಕ ಕುಣಿಯುತ್ತಿದ್ದ. ಅವಳು ಡೊಳ್ಳುಹೊಟ್ಟೆಯ, ಕಚಗುಳಿಗೆ ಬಿದ್ದು ಬಿದ್ದು ನಗುವ ಒಬ್ಬನನ್ನು ಹಾಡಿನಲ್ಲಿ ಕಟ್ಟಿದಳು. ಬರೆಯುವಾಗ ಭಯ ಕಡಿಮೆಯಾದದ್ದು ನಿಜ.

ಆದರೆ ಪುಸ್ತಕಗಳ ಹಕ್ಕು ಲೇಖಕಿಯ ತಮ್ಮನದಾಗಿದ್ದರಿಂದ ಹಾಡುಗಳಿಗೆಲ್ಲ ಅವರ ಒಪ್ಪಿಗೆ ಬೇಕಿತ್ತು. ಹಗಲಲ್ಲೂ ಪರದೆ ಎಳೆದುಕೊಂಡು ಕೂರುವ, ಮಾತು ಕಡಿಮೆಯ ಮುದುಕರು. ಅವರೆದುರು ಕುರ್ಚಿಯ ತುದಿಯಲ್ಲಿ ಕೂತು ಅವಳು ಸಣ್ಣ ದನಿಯಲ್ಲಿ ಹಾಡಿ ತೋರಿಸಿದಳು.

"ಏನಮ್ಮಾ, ನಮ್ಮಕ್ಕ ಜೀವ ತೇದು ಕಟ್ಟಿದ ಭಯಾನ ಒಂದೇ ಹಾಡಲ್ಲಿ ಕೋಡಂಗಿ ಮಾಡಿಬಿಟ್ಯಲ್ಲ?"

ಅವಳು ಹಾಡಿನ ಹಾಳೆ ಮಡಚಿಕೊಂಡಳು. ಎದ್ದು ಬಂದಳು. ಮತ್ತೆ ಬರೆದಳು. ಈ ಸಲ ಮೆಟ್ಟಿಲಡಿಯವನು ಪಾಪದವನು, ಬೆಳಕು ಕಂಡರೆ ಅವನಿಗೇ ಅಂಜಿಕೆ, ಗೆಳೆಯರಿಲ್ಲದೆ ಅಳುತ್ತಾನೆ. ನಿರ್ದೇಶಕನಿಗೆ ಕಣ್ಣೀರು ಬಂತು. ಮುದುಕರಿಗೆ ಬರಲಿಲ್ಲ.

"ಇದು ಜಾರುಬಂಡೆ ಕಣಮ್ಮ. ಬರೆಯೋಕೆ ಕೂತೋರೆಲ್ಲ ಅವನನ್ನ ಪಾಪದೋನು ಮಾಡೋ ಕಡೆಗೇ ಜಾರ್ತಾರೆ."

"ಹಾಗಾದ್ರೆ ಅವನು ಯಾರು ಸಾರ್? ನೀವಾದ್ರೂ ಹೇಳಿ."

"ನನಗೇನು ಗೊತ್ತು? ಅಕ್ಕ ಹೇಳ್ಲಿಲ್ಲ."

"ನೀವು ಕೇಳ್ಲಿಲ್ವಾ?"

ಮುದುಕರು ಒಮ್ಮೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಕೇಳೋಕೆ ಹೆದರಿಕೆ ಆಯ್ತು."

ಆ ಮನೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು. ಮುದುಕರೂ ನಕ್ಕರು.

ಬಸ್ಸಿನಲ್ಲಿ ಹಿಂದಿರುಗುವಾಗ ಅವಳಿಗೆ ಅನ್ನಿಸಿದ್ದು ಇಷ್ಟೇ: ತಾನು ಯಾವುದಕ್ಕೆ ಹೆದರುತ್ತೇನೆಂದು ತನಗೂ ಗೊತ್ತಿಲ್ಲ, ಆದರೂ ದಿನಾ ಮನೆಯಿಂದ ಹೊರಗೆ ಬರುತ್ತೇನೆ. ಹಾಗಾದರೆ ಅವನೇಕೆ ಹಾಡಬೇಕು? ಇಳಿಯುವ ಮಕ್ಕಳು ಹಾಡಲಿ. ಪ್ರತಿ ಸಾಲಿನ ಕೊನೆಗೆ ಒಂದಿಷ್ಟು ಬಿಡುವಿರಲಿ. ಆ ಬಿಡುವಿನಲ್ಲಿ ಅವನು ಉಸಿರಾಡಲಿ.

ಒಂದು ಮೆಟ್ಟಿಲು ಇಳಿದೆ, ಇನ್ನೊಂದುಂಟು,
ಕಾಲಿಗೆ ತಿಳಿಯದು ಕೆಳಗೇನುಂಟು;
ಕೈಯಲ್ಲಿ ಕೈಯಿಡು, ಬೆವರಿದರೇನು,
ನೀನೂ ನಡುಗು, ನಡುಗುವೆ ನಾನೂ.

ಮುದುಕರು ಕಣ್ಣು ಮುಚ್ಚಿ ಕೇಳಿದರು. ಇನ್ನೊಂದು ಸಲ ಹಾಡು ಎಂದರು. ಅದು ಮುಗಿದ ಮೇಲೆ ಎದ್ದು ಹೋಗಿ, ಮಟಮಟ ಮಧ್ಯಾಹ್ನದಲ್ಲಿ ಕೋಣೆಯ ದೀಪ ಹಾಕಿದರು. ಒಪ್ಪಿಗೆ ಸಿಕ್ಕಿತೆಂದು ಅವಳಿಗೆ ತಿಳಿಯಿತು.

ಗೊಂಬೆಯ ಯೋಚನೆ ಕೈಬಿಟ್ಟುಹೋಯಿತು. ನಿರ್ದೇಶಕ ಎರಡು ದಿನ ಮುಖ ಊದಿಸಿಕೊಂಡಿದ್ದ. ಉಸಿರಾಡುವ ಕೆಲಸ ಕಂಪನಿಯ ದಪ್ಪ ಗಂಟಲಿನ ಗಾಯಕನಿಗೆ ಬಿತ್ತು. ಅವನನ್ನು ಎಲ್ಲರೂ ಗುಡುಗಪ್ಪ ಎನ್ನುತ್ತಿದ್ದರು. ಮೆಟ್ಟಿಲ ಕೆಳಗೆ ಮೈಕು ಹಿಡಿದು ಕೂತು ಅವನು ಉಸಿರು ಬಿಟ್ಟರೆ ತಾಲೀಮಿನಲ್ಲಿದ್ದ ದೊಡ್ಡವರೂ ಒಮ್ಮೆ ಹಿಂದೆ ತಿರುಗಿ ನೋಡುತ್ತಿದ್ದರು.

ಮೊದಲ ಪ್ರದರ್ಶನ ಒಂದು ರಜೆಯ ಬೆಳಿಗ್ಗೆ. ಸಭಾಂಗಣದ ತುಂಬ ಮಕ್ಕಳು, ಅವರ ತಾಯಿತಂದೆ, ಅಜ್ಜಅಜ್ಜಿ. ಪುಕ್ಕಲಕ್ಕ ವೇದಿಕೆಯ ಪಕ್ಕದ ಮರೆಯಲ್ಲಿ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ಅಣ್ಣ ತಂಗಿಯ ಪಾತ್ರಧಾರಿಗಳು ಮೆಟ್ಟಿಲ ಮೇಲೆ ಬಂದರು. ದೀಪ ಆರಿತು. ಹಾಡಿನ ಮೊದಲ ಸಾಲು ಮುಗಿಯಿತು.

ಉಸಿರು ಮೆಟ್ಟಿಲ ಕೆಳಗಿನಿಂದ ಬರಲಿಲ್ಲ. ಕೂತವರ ಕಾಲ ಕೆಳಗಿನಿಂದ ಬಂತು.

ನಿರ್ದೇಶಕ ಯಾರಿಗೂ ಹೇಳದೆ ಸೀಟುಗಳ ಅಡಿಯಲ್ಲಿ ಸ್ಪೀಕರು ಕಟ್ಟಿಸಿದ್ದ. ಒಂದು ಮಗು ಚೀರಿತು. ಅದರ ಪಕ್ಕದ್ದು ಚೀರಿತು. ಬೆಂಕಿ ಹುಲ್ಲಿಗೆ ಹತ್ತಿದಂತೆ ಕೂಗು ಸಾಲಿನಿಂದ ಸಾಲಿಗೆ ಹಬ್ಬಿ, ಕತ್ತಲಲ್ಲೇ ಜನ ಎದ್ದರು. ಯಾರೋ ಮಗುವನ್ನೆತ್ತಿಕೊಂಡು ಬಾಗಿಲಿಗೆ ಓಡಿದರು. ಅವರ ಹಿಂದೆ ಇನ್ನಷ್ಟು ಜನ. ಪಕ್ಕದ ಬಾಗಿಲ ಒಂದೇ ರೆಕ್ಕೆ ತೆರೆದಿತ್ತು. ಅಲ್ಲಿ ನೂಕಾಟ ಶುರುವಾಯಿತು. ಯಾರೋ ಬಿದ್ದರು. "ಮಗು ಇದೆ, ಮಗು ಇದೆ!" ಎಂದು ಒಬ್ಬ ಹೆಂಗಸು ಕಿರುಚುತ್ತಿದ್ದಳು.

ಪುಕ್ಕಲಕ್ಕ ಕಚ್ಚಿಕೊಂಡಿದ್ದ ಸೆರಗು ಬಿಟ್ಟಳು. ಓಡಬೇಕು ಎಂದು ಕಾಲು ಹೇಳಿತು. ಆದರೆ ಬಾಗಿಲ ಬಳಿ ರಾಶಿಯಾಗುತ್ತಿದ್ದ ಜನರನ್ನು ಕಂಡು ಅವಳಿಗೆ ಅದಕ್ಕಿಂತ ದೊಡ್ಡ ಹೆದರಿಕೆಯಾಯಿತು.

"ದೀಪ ಹಾಕ್ರೋ!" ಎಂದು ಅವಳು ಅರಚಿದಳು. ಅಷ್ಟು ದೊಡ್ಡ ದನಿ ತನ್ನೊಳಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ದೀಪ ಹತ್ತಿತು. ಮುಂದಿನ ಸಾಲಿನ ಸೀಟುಗಳ ಅಡಿಯಲ್ಲಿ ಕಟ್ಟಿದ್ದ ಕಪ್ಪು ಸ್ಪೀಕರುಗಳು ಅವಳ ಕಣ್ಣಿಗೆ ಬಿದ್ದವು. ತಂಗಿಯ ಪಾತ್ರದ ಹುಡುಗಿ ಮೆಟ್ಟಿಲ ಮೇಲೆ ಕಲ್ಲಾಗಿ ನಿಂತಿದ್ದಳು. ಮೈಕು ಅವಳ ಕೊರಳಪಟ್ಟಿಯಲ್ಲಿತ್ತು. ಪುಕ್ಕಲಕ್ಕ ಹೋಗಿ ಅವಳನ್ನು ತಬ್ಬಿಕೊಂಡು ಆ ಪಟ್ಟಿಗೇ ಬಾಯಿಟ್ಟಳು.

"ಈ ಹಾಡು ಬರೆದೋಳು ನಾನು. ನನಗೆ ನಿಮ್ಮೆಲ್ಲರಿಗಿಂತ ಜಾಸ್ತಿ ಹೆದರಿಕೆ ಆಗ್ತಿದೆ. ನೋಡಿ ಬೇಕಾದ್ರೆ ನನ್ನ ಕೈ."

ಕೈ ಎತ್ತಿದಳು. ಅದು ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲ್ಲಾಡುತ್ತಿತ್ತು.

"ಹೌದಮ್ಮಾ, ನಡುಗ್ತಾ ಇದೆ" ಎಂದಿತು ಮುಂದಿನ ಸಾಲಿನ ಒಂದು ಮಗು.

"ಸೀಟಿನ ಕೆಳಗೆ ಸದ್ದು ಮಾಡಿದ್ದು ಸ್ಪೀಕರು. ಬಗ್ಗಿ ನೋಡಿ, ಕಪ್ಪು ಡಬ್ಬಿ ಇದೆ. ಬಾಗಿಲ ಹತ್ರ ಇರೋರು ಒಂದೊಂದೇ ಹೆಜ್ಜೆ ಹಿಂದೆ ಬನ್ನಿ, ದಮ್ಮಯ್ಯ. ಬಿದ್ದೋರನ್ನ ಎಬ್ಬಿಸಿ. ಮಿಕ್ಕೋರು ಇದ್ದಲ್ಲೇ ಕೂತ್ಕೊಳ್ಳಿ."

ಮಕ್ಕಳು ಬಗ್ಗಿದರು. ಮಕ್ಕಳು ಬಗ್ಗಿದ್ದರಿಂದ ದೊಡ್ಡವರೂ ನಿಂತರು. ಬಾಗಿಲ ಬಳಿಯ ಗಂಟು ನಿಧಾನವಾಗಿ ಸಡಿಲಾಯಿತು.

"ಮತ್ತೆ ಮೆಟ್ಟಿಲ ಕೆಳಗೆ?" ಎಂದು ಒಬ್ಬ ಹುಡುಗ ಕೇಳಿದ.

ಪಕ್ಕದ ಮರೆಯಿಂದ ನಿರ್ದೇಶಕ, ಗುಡುಗಪ್ಪನನ್ನು ಹೊರಗೆ ಕರೆಯಿರಿ, ತೋರಿಸಿಬಿಡಿ ಎಂದು ಕೈಸನ್ನೆ ಮಾಡುತ್ತಿದ್ದ. ಅವಳು ತಲೆಯಲ್ಲಾಡಿಸಿದಳು.

"ಅವನು ಯಾರು ಅಂತ ನನಗೂ ಗೊತ್ತಿಲ್ಲ ಕಂದಾ. ಹೋಗಬೇಕು ಅನ್ನೋರು ಮೆಲ್ಲಗೆ ಹೋಗಿ. ಇರೋರಿಗೆ ನಾನು ಹಾಡು ಹೇಳಿಕೊಡ್ತೀನಿ."

ಹಾಡಿದಳು. ಶ್ರುತಿ ಎಲ್ಲೋ, ಅವಳೆಲ್ಲೋ. ಎರಡನೆಯ ಸಲಕ್ಕೆ ಕೆಲವು ಮಕ್ಕಳು ದನಿಗೂಡಿಸಿದರು. ಮೂರನೆಯ ಸಲ ಮಕ್ಕಳೇ ಹಾಡಿನ ಪ್ರತಿ ಸಾಲಿನ ಕೊನೆಗೆ ತಡೆದು ಉಸಿರಿಗಾಗಿ ಕಾದರು. ಗುಡುಗಪ್ಪ ಅಳುಕುತ್ತಲೇ, ಮೈಕಿಲ್ಲದೆ, ಮೆಟ್ಟಿಲ ಕೆಳಗಿನಿಂದ ಉಸಿರು ಬಿಟ್ಟ.

ಒಬ್ಬ ಅಜ್ಜಿಯ ಕಾಲು ಉಳುಕಿತ್ತು, ಒಬ್ಬ ಹುಡುಗನ ತುಟಿ ಒಡೆದಿತ್ತು. ಎಷ್ಟೋ ಜನ ಬೈದುಕೊಂಡು ಹೋದರು; ಬೈದದ್ದರಲ್ಲಿ ತಪ್ಪೂ ಇರಲಿಲ್ಲ. ಮಾರನೆಯ ದಿನ ಪುಕ್ಕಲಕ್ಕ ಗಂಡನನ್ನು ಜೊತೆಗೆ ಕರೆದುಕೊಂಡು ಅಜ್ಜಿಯ ಮನೆಗೆ ಹೋಗಿ ಕ್ಷಮೆ ಕೇಳಿ ಬಂದಳು. ನಿರ್ದೇಶಕನೂ ಆಮೇಲೆ ತಲೆ ತಗ್ಗಿಸಿಕೊಂಡು ಹೋದ. "ಆ ಡಬ್ಬಿ ಇದ್ರೆ ನನ್ನ ಹಾಡಿರಲ್ಲ ಸಾರ್" ಎಂದು ಅವಳು ಅವನಿಗೆ ಹೇಳಿದಾಗ ದನಿ ನಡುಗಿತು, ಆದರೆ ಮಾತು ಹಿಂದೆ ಸರಿಯಲಿಲ್ಲ. ಡಬ್ಬಿಗಳನ್ನು ಕಿತ್ತುಹಾಕಿದರು. ಬಾಗಿಲುಗಳ ಎರಡೂ ರೆಕ್ಕೆ ತೆರೆದಿಟ್ಟರು.

ಸುದ್ದಿ ಅಕ್ಕನಿಗೂ ಮುಟ್ಟಿತು. "ಏನೇ, ಸ್ಟೇಜ್ ಹತ್ತಿದ್ಯಂತೆ!"

"ಹತ್ತಿದ್ದೇನೋ ಹತ್ತಿದೆ ಕಣೇ. ಇಳಿಸೋಕೆ ಇಬ್ಬರು ಹಿಡ್ಕೋಬೇಕಾಯ್ತು."

ನಾಟಕ ನಿಲ್ಲಲಿಲ್ಲ, ಜನ ಬಂದರು. ಮುದುಕರು ಒಮ್ಮೆ ಬಂದು ಬಾಗಿಲ ಪಕ್ಕದ ಕುರ್ಚಿಯನ್ನೇ ಕೇಳಿ ಕೂತು ನೋಡಿ ಹೋದರು. ಈಗಲೂ ಅದು ನಡೆಯುತ್ತಿದೆ. ಪುಕ್ಕಲಕ್ಕ ಪ್ರತಿ ಪ್ರದರ್ಶನಕ್ಕೂ ಹೋಗುತ್ತಾಳೆ. ಆದರೆ ಮೆಟ್ಟಿಲ ದೃಶ್ಯ ಶುರುವಾಗುವ ಹೊತ್ತಿಗೆ ಎದ್ದು ಹೊರಗಿನ ಓಣಿಗೆ ಬಂದು, ಟಿಕೇಟು ಹರಿಯುವ ಹೆಂಗಸಿನ ಪಕ್ಕದ ಸ್ಟೂಲಿನ ಮೇಲೆ ಕಿವಿ ಮುಚ್ಚಿಕೊಂಡು ಕೂರುತ್ತಾಳೆ. ಆ ಹೆಂಗಸು ಏನೂ ಕೇಳದೆ ಒಂದು ಲೋಟ ನೀರು ಕೊಡುತ್ತಾಳೆ. ಒಳಗೆ ಮಕ್ಕಳು ಹಾಡುತ್ತಾರೆ. ತಾನು ಬರೆದ ಆ ದೃಶ್ಯವನ್ನು ಅವಳು ಇಂದಿಗೂ ಪೂರ್ತಿ ನೋಡಿಲ್ಲ.