ತೋಟಪ್ಪನವರು ನಾಟೌಟ್ ಅಂದರು

ಶಿಕಾರಿಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ತೋಟಪ್ಪನವರಿಗೆ ವ್ಯಾಪಾರದಿಂದ ಬಂದದ್ದಕ್ಕಿಂತ ದೊಡ್ಡ ಹೆಸರು ಇನ್ನೊಂದಿತ್ತು. ಸುತ್ತಲ ಊರುಗಳಲ್ಲಿ ಅಣ್ಣತಮ್ಮಂದಿರು ಹಿಸ್ಸೆ ಆಗುವಾಗ ಜಮೀನು ಅಳೆಯುವ ಹಗ್ಗ ಅವರ ಕೈಗೇ ಬರುತ್ತಿತ್ತು. ಅವರು ನೆಡಿಸಿದ ಕಲ್ಲನ್ನು ಯಾರೂ ಕಿತ್ತದ್ದಿಲ್ಲ, ಅದಕ್ಕಾಗಿ ಕೋರ್ಟಿಗೆ ಹೋದದ್ದಿಲ್ಲ. ಆ ನಂಬಿಕೆಯ ಮೇಲೆಯೇ ಊರಿನ ಹುಡುಗರು ಅವರನ್ನು ಕ್ರಿಕೆಟ್ಟಿಗೂ ಎಳೆದು ಅಂಪೈರ್ ಮಾಡಿದ್ದರು.

ಆಗೆಲ್ಲ ತಂಡಕ್ಕೊಬ್ಬ ಅಂಪೈರನ್ನು ಕರೆತರುವ ರೂಢಿ. ಕರೆತಂದವರ ಮೇಲೆ ಅವನ ಬೆರಳು ಏಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ, ಯಾರೂ ನಾಚದ ಒಪ್ಪಂದ. ಇದನ್ನೇ ಮರ್ಯಾದಸ್ಥರ ಆಟವೆಂದು ಹೇಳಿಕೊಳ್ಳುತ್ತಿದ್ದರು. ಆದರೆ ೧೯೫೮ರ ಬೇಸಿಗೆಯಲ್ಲಿ ಸೊರಬದವರು ಅಂಪೈರ್ ಇಲ್ಲದೆಯೇ ಬಸ್ಸಿಳಿದರು. ತೋಟಪ್ಪನವರಿದ್ದ ಮೇಲೆ ಇನ್ನೊಬ್ಬ ಯಾಕೆ, ಪಿಚ್ಚಿನ ಇನ್ನೊಂದು ತುದಿಗೆ ನಿಮ್ಮವರನ್ನೇ ಯಾರನ್ನಾದರೂ ನಿಲ್ಲಿಸಿ ಎಂದುಬಿಟ್ಟರು. ಹಾಗೆಂದವನು ಅವರ ಬೌಲರ್, ಜಡೆ ಊರಿನ ರೈತ ಚೌಡಪ್ಪ. ಬರುವ ಸೋಮವಾರ ತನ್ನ ಮತ್ತು ಅಣ್ಣ ಹುಚ್ಚಪ್ಪನ ಗದ್ದೆ ಪಾಲು ಮಾಡಲಿಕ್ಕೂ ಅವನು ತೋಟಪ್ಪನವರನ್ನೇ ಗೊತ್ತುಮಾಡಿದ್ದ.

ಸಂಜೆಗೆ ಶಿಕಾರಿಪುರದ ಕೊನೆಯ ಜೋಡಿ ಉಳಿದಿತ್ತು, ಗೆಲ್ಲಲು ಎರಡು ರನ್ ಬೇಕಿತ್ತು. ಬ್ಯಾಟ್ ಹಿಡಿದವನು ನಾಗರಾಜಪ್ಪ, ತೋಟಪ್ಪನವರ ಅಕ್ಕನ ಮಗ. ತಮ್ಮ ಮಗಳನ್ನು ಅವನಿಗೇ ಕೊಡುವುದೆಂದು ಮಾತಾಗಿತ್ತು. ಚೌಡಪ್ಪ ಹಾಕಿದ ಚೆಂಡು ನಾರಿನ ಚಾಪೆಯ ಮೇಲೆ ಪುಟಿದು, ಬ್ಯಾಟಿನ ಅಂಚು ಸವರಿ ಕೀಪರನ ಕೈ ಸೇರಿತು. ಸದ್ದು ತೋಟಪ್ಪನವರಿಗೆ ಚೆನ್ನಾಗಿಯೇ ಕೇಳಿಸಿತು. ನಾಗರಾಜಪ್ಪ ಹೊರಡಲಿಲ್ಲ, ಮಾವನ ಮುಖ ನೋಡುತ್ತ ನಿಂತ. ಬಯಲಿನ ಸುತ್ತ ನಿಂತಿದ್ದ ಪೇಟೆಯ ಜನವೂ ಅವರ ಮುಖವನ್ನೇ ನೋಡುತ್ತಿತ್ತು.

“ನಾಟೌಟ್” ಅಂದರು.

ಸೊರಬದ ಹುಡುಗರು ಅವರ ಮೇಲೆ ಮುಗಿಬಿದ್ದರು. ತಡೆದವನು ಚೌಡಪ್ಪನೇ. “ಅವ್ರಿಗೆ ಕೇಳಿರಲಿಕ್ಕಿಲ್ಲ. ಕೇಳಿದ್ರೆ ಹೇಳ್ತಿದ್ರು. ಬಿಡ್ರೋ.”

ಮುಂದಿನ ಚೆಂಡಿಗೇ ಊರು ಗೆದ್ದಿತು. ಹೋಟೆಲಿನಲ್ಲಿ ಮೈಸೂರುಪಾಕು ಹಂಚಿದರು. ಆ ಸದ್ದು ಕೇಳಿದ್ದ ವಕೀಲರು, ಮೇಷ್ಟ್ರು, ಮಂಡಿಯ ಸಾಹುಕಾರರು ಬಂದು ಬೆನ್ನು ತಟ್ಟಿದರು. ತಕ್ಕಡಿಯಲ್ಲಿ ಇಷ್ಟೇ ಮೋಸ ಮಾಡಿದ ಬಡ ವ್ಯಾಪಾರಿಯನ್ನು ಇದೇ ಜನ ಚಾವಡಿಗೆ ಎಳೆಯುತ್ತಿದ್ದರು. ತೋಟಪ್ಪನವರಿಗೆ ಸೊರಬದ ಹುಡುಗರು ಬೈದ ಮಾತು ಒಂದೂ ನೆನಪಿಗೆ ಬರಲಿಲ್ಲ. ಚೌಡಪ್ಪ ಹೇಳಿದ್ದು ಮಾತ್ರ ಕಿವಿಯಲ್ಲೇ ಉಳಿಯಿತು. ನಾಗರಾಜಪ್ಪನ ಮುಂದೆ ಮಾತೆತ್ತಿದರೆ ಅವನು ನಕ್ಕ. “ಅಂಪೈರ್ ಹೇಳಿದ್ ಮ್ಯಾಲೆ ಮುಗೀತಲ್ರೀ ಮಾವ. ನಿಮಗ್ಯಾಕ ಚಿಂತಿ?”

ಸೋಮವಾರ ಜಡೆಗೆ ಹೋದರು. ಗದ್ದೆಯ ಬದುವಿನ ಮೇಲೆ ಅಣ್ಣತಮ್ಮಂದಿರು ಕಾಯುತ್ತಿದ್ದರು. ಹುಚ್ಚಪ್ಪ ಹಗ್ಗ ಕೈಗಿತ್ತ. ಅದನ್ನು ಹಿಡಿದು ಅಳೆಯಲು ಅವರಿಂದಾಗಲಿಲ್ಲ.

“ಚೌಡಪ್ಪ, ಅವತ್ತು ಚೆಂಡು ತಗುಲಿತ್ತು. ನನಗ ಕೇಳಿತ್ತು.”

ಕ್ರಿಕೆಟ್ಟನ್ನೇ ನೋಡದ ಹುಚ್ಚಪ್ಪ ಏನು ಸಮಾಚಾರವೆಂದು ಕೇಳಿ, ಎಲ್ಲ ಬಿಡಿಸಿ ಹೇಳಿಸಿಕೊಂಡ. ಆಟ ಅರ್ಥವಾಗದಿದ್ದರೂ ಬ್ಯಾಟ್ ಹಿಡಿದವನು ಅಕ್ಕನ ಮಗ ಎಂಬುದು ಅವನಿಗೆ ಅರ್ಥವಾಯಿತು. “ಕೇಳಿರ್ಲಿಲ್ಲ ಅಂತ ನಿಮ್ ಪರವಾಗಿ ನಮ್ಮವರ ಹತ್ರ ಜಗಳ ಆಡಿದೀನಿ ನಾನು” ಅಂದ ಚೌಡಪ್ಪ.

ಹುಚ್ಚಪ್ಪ ತೋಟಪ್ಪನವರ ಕೈಯಿಂದ ಹಗ್ಗವನ್ನು ಮೆಲ್ಲಗೆ ಬಿಡಿಸಿಕೊಂಡ. ತಾವೇ ಅಳೆದುಕೊಳ್ಳುವುದಾಗಿಯೂ, ತೋಟಪ್ಪನವರು ಮಜ್ಜಿಗೆ ಕುಡಿದು ಹೋಗಬೇಕೆಂದೂ ಮರ್ಯಾದೆಯಿಂದಲೇ ಹೇಳಿದ.

ತೋಟಪ್ಪನವರು ಬದುವಿನ ಮೇಲೆ ಕೂತರು. ತಮ್ಮನ ಪಾಲು ಅಳೆಯುವಾಗ ಹುಚ್ಚಪ್ಪ ತನ್ನ ತುದಿಯನ್ನು ಸಡಿಲ ಬಿಟ್ಟ. ಗುರುತು ತಮ್ಮನ ಗದ್ದೆಯ ಒಳಕ್ಕೆ ಸರಿಯಿತು. ಚೌಡಪ್ಪನಿಗೆ ಅತ್ತ ಲಕ್ಷ್ಯವೇ ಇರಲಿಲ್ಲ.

“ಹಗ್ಗ ಸಡಿಲ ಐತಿ” ಅಂದರು ತೋಟಪ್ಪನವರು.

ಹುಚ್ಚಪ್ಪ ತಿರುಗಿದ. “ಓ, ನಿಮಗೆ ಕಾಣ್ತಾ?”

ಚೌಡಪ್ಪ ಹಗ್ಗ ನೋಡಿದ. ತೋಟಪ್ಪನವರನ್ನೂ ನೋಡಿದ. ಆಮೇಲೆ ಅಣ್ಣನಿಗೆ ಹೇಳಿದ: “ಗುರುತು ಬಿದ್ದಲ್ಲೇ ಕಲ್ಲು ನೆಡು.”