‘ಕಂಡೆ’ಗೂ ‘ಅಂತೆ’ಗೂ ನಡುವೆ ಒಂದು ಟೈಪ್‌ರೈಟರ್

ಬೆಟ್ಟದೂರು ಪುಕಪಂಪದ ಚೌಕದಲ್ಲಿ ಬೆಳಕು ಇನ್ನೂ ನೆಲಕ್ಕೆ ಇಳಿದಿಲ್ಲ. ಮಂಜು ಇಗರ್ಜಿಯ ಕಂಬಗಳನ್ನು ಸೊಂಟದವರೆಗೆ ನುಂಗಿ ನಿಂತಿದೆ. ಕಮಾನಿನ ಕೆಳಗೆ ಸಾಬೀನಾ ವಿಲ್ಕ ಬೆನ್ನಿಗೆ ಕಟ್ಟಿದ್ದ ಕೆಂಪು ಬಟ್ಟೆಯ ಗಂಟು ಬಿಚ್ಚುತ್ತಾರೆ. ಒಳಗಿರುವುದು ಮಗುವಲ್ಲ, ಟೈಪ್‌ರೈಟರ್. ಅದನ್ನು ಮೇಜಿನ ಮೇಲಿಟ್ಟು ಮೂರು ಕೋಕಾ ಎಲೆಗಳನ್ನು ಬೀಸಣಿಗೆಯಂತೆ ಹಿಡಿದು, ಕಾಣದ ಬೆಟ್ಟದ ಕಡೆಗೆ ಮೆಲ್ಲಗೆ ಉಸಿರು ಊದುತ್ತಾರೆ. ಆ ಉಸಿರು ಮಂಜಿನಲ್ಲಿ ಸೇರಿ ಹೋಗುತ್ತದೆ. ಆಮೇಲೆ ಎರಡು ಹಾಳೆಯ ನಡುವೆ ಕಾರ್ಬನ್ ಇಟ್ಟು, ಅಂಚು ಸರಿಮಾಡಿ, ಕೈಗಳನ್ನು ಕಂಕುಳಲ್ಲಿ ಬಿಸಿ ಮಾಡಿಕೊಳ್ಳುತ್ತ ಕೂರುತ್ತಾರೆ. ದೇವರ ಮುಂದೆ ಕೂತವರ ಹಾಗೆ.

ಸಾಬೀನಾ ಅವರಿಗೆ ಅರವತ್ತೊಂದು ವರ್ಷ. ಮೂವತ್ನಾಲ್ಕು ವರ್ಷದಿಂದ ಇದೇ ಕಮಾನು. ಊರವರಿಗೆ ದಿನಕ್ಕೆ ನಾಲ್ಕು ಅರ್ಜಿ ಬರೆದುಕೊಡುತ್ತಾರೆ, ಭಾನುವಾರದ ಸಂತೆಗೆ ಒಂಬತ್ತು ಹತ್ತು. ಹುಡುಗಿಯಾಗಿದ್ದಾಗ ಪಾದ್ರಿಯ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದರು. ಆ ಪಾದ್ರಿಯೇ ಅಕ್ಷರ ಕಲಿಸಿ, ಊರು ಬಿಡುವಾಗ ಯಂತ್ರವನ್ನೂ ಬಿಟ್ಟುಹೋದರು. ಅದರಲ್ಲಿ ಸ್ಪ್ಯಾನಿಷ್‌ನ ಒಂದು ಅಕ್ಷರದ ತಲೆಯ ಮೇಲೆ ಬರುವ ಅಲೆಯಂಥ ಗೆರೆ ಮುರಿದಿದೆ. ಪ್ರತಿ ಹಾಳೆಯಲ್ಲೂ ಆ ಅಲೆಯನ್ನು ಅವರು ಪೆನ್ನಿನಿಂದ ತಾವೇ ಬರೆಯುತ್ತಾರೆ.

ಅವರ ಮೊದಲ ಅರ್ಜಿ ತಮ್ಮದೇ. ಗಂಡನನ್ನು ಗಣಿಯ ಕಲ್ಲು ನುಂಗಿದಾಗ, ಶವವನ್ನು ತೆಗೆದು ಊರಿಗೆ ಕಳಿಸಿ ಎಂದು ಬರೆದದ್ದು. “ಮೂರು ಪುಟ ಅತ್ತಿದ್ದೆ,” ಎನ್ನುತ್ತಾರೆ. “ಯಾವ ಸುರಂಗ, ಯಾವ ದಿನ, ಎಷ್ಟು ಹೊತ್ತಿಗೆ, ಒಂದೂ ಬರೆದಿರಲಿಲ್ಲ. ವಾಪಸ್ ಬಂತು. ಅಧಿಕಾರಿಗೆ ಅಳು ಓದೋಕೆ ಬರಲ್ಲ ಅಂತ ಅವತ್ತು ಗೊತ್ತಾಯ್ತು. ಮೊದಲು ಅವನ ಬುದ್ಧಿಗೆ ಹೇಳ್ಬೇಕು. ಮನಸ್ಸಿಗೆ ಒಂದೇ ಒಂದು ಸಾಲು, ಅದೂ ಕೊನೇಲಿ.” ಎರಡನೆಯ ಅರ್ಜಿ ಅರ್ಧ ಪುಟದ್ದು. ಗಂಡನ ದೇಹ ಹನ್ನೊಂದನೆಯ ದಿನ ಮನೆಗೆ ಬಂತು.

ಈಗ ಯಾರೇ ಬಂದು ಎದುರು ಕೂತರೂ ಅವರ ಪ್ರಶ್ನೆ ಮೂರು. ಏನು ಕಂಡೆ, ಏನು ಕೇಳಿದೆ, ಏನು ಬೇಕು. ಇವತ್ತು ಮೊದಲು ಬಂದವನು ಪಕ್ಕದ ಮನೆಯವನ ಎತ್ತು ತನ್ನ ಹೊಲ ತುಳಿದ ದೂರು ತಂದಿದ್ದಾನೆ.

“ಪಕ್ಕದ ಮನೆಯವನು ಕಳ್ಳ ಅಂತ ಬರಿ, ಅವ್ವಾ.”

“ಕದ್ದಿದ್ದು ಕಂಡ್ಯಾ?”

“ಅವನ ಮುಖ ಕಂಡಿದೀನಲ್ಲ, ಸಾಲದಾ?”

“ಮುಖ ನೋಡಿ ಬರೆಯೋದಾದ್ರೆ ನಿನ್ನ ಮೇಲೂ ಒಂದು ಬರೀಬೇಕಾಗುತ್ತೆ. ಎತ್ತು ಎಷ್ಟು ಸಾಲು ತುಳೀತು, ಅದನ್ನ ಹೇಳು.”

ಅವನು ನಗುತ್ತಾನೆ, ಬೆರಳು ಮಡಿಸಿ ಎಣಿಸುತ್ತಾನೆ. ಹದಿನಾಲ್ಕು ಸಾಲು. ಯಂತ್ರ ಹದಿನಾಲ್ಕು ಎಂದು ಹೊಡೆಯುತ್ತದೆ.

ಆದರೆ ಈ ತಿಂಗಳಿಡೀ ಸಾಬೀನಾ ಅವರ ಮನಸ್ಸನ್ನು ಹಿಡಿದದ್ದು ಅಸುಂತಾ ಚೋಕೆ ಅವರ ಅರ್ಜಿ. ಅಸುಂತಾ ನೇಯುವವರು. ವಯಸ್ಸು ಅರವತ್ತೇಳು. ಎರಡೂ ಕಣ್ಣಿಗೆ ಪೊರೆ ಬಂದು ನೂಲಿನ ಬಣ್ಣ ಬೂದಿಯಾಗಿದೆ. ಮುಂದಿನ ತಿಂಗಳು ಪಟ್ಟಣಕ್ಕೆ ಕಣ್ಣಿನ ವೈದ್ಯರು ಬರುತ್ತಾರೆ, ಪೊರೆ ತೆಗೆಯುತ್ತಾರೆ. ಗುರುತಿನ ಚೀಟಿ ಇಲ್ಲದವರ ಹೆಸರನ್ನು ಮಾತ್ರ ಪಟ್ಟಿಗೆ ಸೇರಿಸುವುದಿಲ್ಲ. ಅಸುಂತಾ ಹುಟ್ಟಿದ ದಾಖಲೆ ಇದ್ದ ಪುಸ್ತಕವನ್ನು ಸೋರುವ ಚಾವಣಿಯ ನೀರು ಎಂದೋ ತಿಂದುಹಾಕಿದೆ. ಚೀಟಿ ಬೇಕಾದರೆ ಮೊದಲು ಹುಟ್ಟನ್ನು ಹೊಸದಾಗಿ ಬರೆಸಬೇಕು.

ಕಚೇರಿಯ ಕಿಟಕಿಯಲ್ಲಿ ಗುಮಾಸ್ತ ಕೇಳಿದ್ದ, ಎಲ್ಲಿ ಹುಟ್ಟಿದ್ದು? ಅಸುಂತಾ ಹೇಳಿದ್ದರು, “ಮೇಲಿನ ಕೇರೀಲಿ ಹುಟ್ಟಿದ್ನಂತೆ.” ಗುಮಾಸ್ತ ಹಾಗೆಯೇ ಬರೆದುಕೊಂಡ. ಒಂದಲ್ಲ, ಎರಡು ಸಲ ಅರ್ಜಿ ವಾಪಸ್ ಬಂತು. ಕಾರಣದ ಜಾಗದಲ್ಲಿ ಒಂದೇ ಮಾತು: ಅರ್ಜಿದಾರಳಿಗೇ ಖಾತ್ರಿಯಿಲ್ಲ.

“ನಮ್ಮ ಕೆಚುವಾ ಮಾತಿಗೆ ಬಾಲ ಇದೆ,” ಎಂದು ಸಾಬೀನಾ ಹೇಳುತ್ತಾರೆ. “ಕಂಡಿದ್ದಕ್ಕೆ ಒಂದು ಬಾಲ, ಕೇಳಿದ್ದಕ್ಕೆ ಇನ್ನೊಂದು. ಬಾಲ ಇಲ್ಲದೆ ಬಾಯಿ ತೆರೆಯೋಕಾಗಲ್ಲ. ತಾನು ಹುಟ್ಟಿದ್ದನ್ನ ಯಾರು ತಾನೇ ಕಂಡಿರ್ತಾರೆ? ಅಂತೆ ಅಂತಾನೇ ಅನ್ಬೇಕು. ಆ ಗುಮಾಸ್ತನ ಸ್ಪ್ಯಾನಿಷ್‌ನಲ್ಲಿ ಅಂತೆ ಅಂದ್ರೆ ಅನುಮಾನ. ನಮ್ಮಲ್ಲಿ ಅಂತೆ ಅಂದ್ರೆ ಮರ್ಯಾದೆ.”

ಮೂರನೆಯ ಅರ್ಜಿಗೆ ಅಸುಂತಾ ಈ ಕಮಾನಿಗೆ ಬಂದರು. ಪಟ್ಟಿ ಮುಚ್ಚಲು ಎಂಟು ದಿನ ಉಳಿದಿತ್ತು. ಸಾಬೀನಾ ದಾರಿ ಹತ್ತಿರ ಮಾಡಲು ನೋಡಿದರು. “ಅಕ್ಕಾ, ಆ ಅಂತೆ ತೆಗೆದುಬಿಡ್ತೀನಿ. ಹುಟ್ಟಿದೆ ಅಂತಷ್ಟೇ ಹೊಡೀತೀನಿ. ಹೆಬ್ಬೆಟ್ಟು ಒತ್ತಿಬಿಡು.”

ಅಸುಂತಾ ಕೈಯನ್ನು ಬಟ್ಟೆಯೊಳಕ್ಕೆ ಎಳೆದುಕೊಂಡರು. “ಒತ್ತಲ್ಲ, ತಂಗಿ.”

“ಒಂದು ಬಾಲಕ್ಕೋಸ್ಕರ ಕುರುಡಿಯಾಗ್ತೀಯಾ?”

“ಬೆಟ್ಟದೊಡೆಯ ಕೇಳಿಸ್ಕೊತಾನೆ. ಕಾಣದ್ದನ್ನ ಕಂಡೆ ಅಂತ ಹೇಳಿ ಕಣ್ಣು ಇಸ್ಕೊಂಡ್ರೆ, ಆ ಕಣ್ಣಲ್ಲಿ ಅವನ ಕಡೆ ಹೇಗೆ ನೋಡ್ಲಿ?”

ಸಾಬೀನಾ ಬಹಳ ಹೊತ್ತು ಯಂತ್ರದ ಮೇಲೆ ಕೈಯಿಟ್ಟು ಕೂತರಂತೆ. ಮಂಜು ಎದ್ದು ಬೆಟ್ಟ ಕಂಡಾಗ ಹೊಳೆಯಿತು, ತಪ್ಪು ಪ್ರಶ್ನೆ ಕೇಳಿದ್ದೇನೆ. ಹಾಳೆ ಹೊರಗೆಳೆದು ಕೇಳಿದರು, “ಹೋಗ್ಲಿ, ಕಂಡೋರು ಯಾರಾದ್ರೂ ಇದಾರಾ?”

ಇದ್ದರು. ಮೇಲಿನ ಕೇರಿಯಲ್ಲಿ, ಎರಡು ಗಂಟೆಯ ಏರಿನಲ್ಲಿ, ಎಂಬತ್ತಾರು ವರ್ಷದ ಗ್ರಿಮಾನೆಸಾ. ಅಸುಂತಾ ಅವರ ತಾಯಿಯ ಪಕ್ಕದ ಮನೆಯಲ್ಲಿದ್ದವರು. ಸಾಬೀನಾ ಯಂತ್ರವನ್ನು ಬೆನ್ನಿಗೆ ಕಟ್ಟಿದರು. ಅಸುಂತಾ, ಸಾಬೀನಾ ಅವರ ಭುಜ ಹಿಡಿದು ಹಿಂದೆ ನಡೆದರು. ಮೋಡದೊಳಗೆ ನಡೆದು ಮೋಡದ ಮೇಲೆ ಎದ್ದಾಗ ಅಜ್ಜಿ ಬಿಸಿಲಿನಲ್ಲಿ ಆಲೂಗಡ್ಡೆ ಸುಲಿಯುತ್ತ ಕೂತಿದ್ದರು.

“ಇವಳು ಹುಟ್ಟಿದ್ದು ನಿನಗೆ ಗೊತ್ತಾ, ಅವ್ವಾ?”

“ಗೊತ್ತೇನು ಬಂತು? ಕಂಡೆ. ಹೊಕ್ಕುಳ ಬಳ್ಳಿ ಕೊಯ್ದೋಳೇ ನಾನು, ಒಡೆದ ಮಡಕೆ ಚೂರಲ್ಲಿ. ಸಂತ ಯೋಹಾನನ ಹಬ್ಬದ ಮಾರನೇ ದಿನ, ಆಲಿಕಲ್ಲು ಬಾರ್ಲಿನೆಲ್ಲ ಮಲಗಿಸಿದ ವರ್ಷ. ನನಗಾಗ ಹತ್ತೊಂಬತ್ತು. ಇವಳಪ್ಪ ಹೆದರಿ ಕುರಿ ಹಟ್ಟಿಗೆ ಓಡಿಹೋದ, ಗಂಡಸು.” ಅಜ್ಜಿ ಅಸುಂತಾ ಅವರ ಕಡೆ ತಿರುಗಿದರು. “ಏನೇ, ಇಷ್ಟು ವರ್ಷದ ಮೇಲೆ ಹುಟ್ಟಿದೀಯಾ ಇಲ್ವಾ ಅಂತ ಕೇಳೋಕೆ ಬಂದ್ಯಾ?”

“ಸರ್ಕಾರ ಕೇಳ್ತಿದೆ, ಅವ್ವಾ.”

“ನೀನು ಅತ್ತಿದ್ದು ಹೊಳೆ ಆಚೆ ದಂಡೆಗೂ ಕೇಳಿಸ್ತು ಅಂತ ಹೇಳು ಅದಕ್ಕೆ.”

ಅಲ್ಲೇ ಅಂಗಳದ ಕಲ್ಲಿನ ಮೇಲೆ ಅರ್ಜಿ ಹುಟ್ಟಿತು. ಅದರ ನಕಲು ಸಾಬೀನಾ ಅವರ ಮೇಜಿನ ಡಬ್ಬಿಯಲ್ಲಿದೆ. ಮೊದಲ ಭಾಗ ಗ್ರಿಮಾನೆಸಾ ಅವರ ಮಾತು. ದಿನ, ವರ್ಷ, ಮನೆ, ಮಡಕೆಯ ಚೂರು. ಪ್ರತಿ ಸಾಲಿನ ಕೊನೆಗೂ ‘ನಾನೇ ಕಂಡೆ’. ಎರಡನೆಯ ಭಾಗ ಅಸುಂತಾ ಅವರದು: ‘ನನ್ನ ಹುಟ್ಟನ್ನು ನಾನು ಕಂಡಿಲ್ಲ, ಆದ್ದರಿಂದ ಅಂತೆ ಎಂದೆ. ಕಂಡವರನ್ನು ಕರೆತಂದಿದ್ದೇನೆ.’ ಆಮೇಲೆ ಮನಸ್ಸಿಗೆ ಬರೆದ ಆ ಒಂದು ಸಾಲು. ‘ತಮ್ಮ ಹುಟ್ಟನ್ನು ತಮಗೂ ತಮ್ಮ ತಾಯಿಯೇ ಹೇಳಿರಬೇಕು, ನನಗೆ ಹೇಳಿದ ತಾಯಿ ಈಗಿಲ್ಲ.’ ಈ ಸಲ ಅಸುಂತಾ ಎರಡೂ ಹಾಳೆಗೆ ಹೆಬ್ಬೆಟ್ಟು ಒತ್ತಿದರು.

ಅಜ್ಜಿಯನ್ನು ಹೇಸರಗತ್ತೆಯ ಮೇಲೆ ಕೂರಿಸಿಕೊಂಡು ಕಚೇರಿಗೆ ಇಳಿದರು. ಗುಮಾಸ್ತ ಓದಿದ. ಕೊನೆಯ ಸಾಲನ್ನು ಮತ್ತೊಮ್ಮೆ ಓದಿದ. ಎದ್ದು, ಒಳಗಿನಿಂದ ತನ್ನ ಕುರ್ಚಿಯನ್ನೇ ತಂದು ಅಜ್ಜಿಗೆ ಕೊಟ್ಟ. ಮುದ್ರೆ ಬಿತ್ತು, ಗುರುತಿನ ಚೀಟಿಯೂ ಕೈಗೆ ಬಂತು. ಪಟ್ಟಿ ಮುಚ್ಚುವ ಹಿಂದಿನ ದಿನ ಅಸುಂತಾ ಚೋಕೆ ಎಂಬ ಹೆಸರು ಅದರಲ್ಲಿ ನಲವತ್ತೊಂದನೆಯದಾಗಿ ಸೇರಿತು. ಪೊರೆ ತೆಗೆಯಲು ಇನ್ನು ಮೂರು ವಾರ.

ಬಿಸಿಲು ಈಗ ಕಮಾನಿನ ಮೆಟ್ಟಿಲು ಹತ್ತಿದೆ. ಸಾಬೀನಾ ನಕಲಿನ ಹಾಳೆಯನ್ನು ಮಡಿಸದೆ, ಮಗುವಿನ ತಲೆ ಸವರಿದ ಹಾಗೆ ಸವರಿ, ಮತ್ತೆ ಡಬ್ಬಿಯೊಳಗಿಡುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಮೊದಲು ತಲೆಯಾಡಿಸುತ್ತಾರೆ, ಇಲ್ಲ ಎಂಬಂತೆ. ಆಮೇಲೆ ನಿಧಾನವಾಗಿ ಹೇಳುತ್ತಾರೆ:

“ಅವಳು ಕಣ್ಣು ಬಿಚ್ಕೊಂಡು ಬಂದು ಈ ಹಾಳೆ ಒಂದ್ಸಲ ನೋಡ್ಲಿ. ಓದೋಕೆ ಬರಲ್ಲ ಅವಳಿಗೆ. ಆದ್ರೆ ಕೆಳಗೆ ಅವಳ ಹೆಬ್ಬೆಟ್ಟಿದೆ. ಅದು ತನ್ನದು ಅಂತ ಯಾರೂ ಹೇಳ್ಕೊಡಬೇಕಾಗಿಲ್ಲ. ಅವಳೇ ಕಾಣ್ತಾಳೆ.”